ರಾತ್ರಿ ಕಲಾ ಹಬ್ಬಕ್ಕೆ ಹೋಗಿ 11 ಕಾರ್ಯಕ್ರಮ ನೋಡಿದೆ, ನೆನಪಿರುವುದು ಒಂದೇ. ನೀವು ಹೇಗೆ ಸುತ್ತುತ್ತೀರಿ?

ಇರುಳುಗಾಲು · ಶನಿವಾರ ಬೆಳಿಗ್ಗೆ 10:20

ನಿನ್ನೆ ರಾತ್ರಿ ನಗರದ ಕಲಾ ಹಬ್ಬಕ್ಕೆ ಹೋಗಿದ್ದೆ. ಮೂರು ರಾತ್ರಿಯ ಹಬ್ಬ, ನಿನ್ನೆ ಮೊದಲನೆಯದು. ಮನೆ ಸೇರಿದಾಗ ಎರಡೂವರೆ. ಹಿಮ್ಮಡಿ ಇನ್ನೂ ನೋಯುತ್ತಿದೆ. ಜೊತೆಗೆ ಮನಸ್ಸಿನಲ್ಲಿ ಒಂದು ಸಣ್ಣ ಕಿರಿಕಿರಿ, ಅದಕ್ಕೇ ಬರೆಯುತ್ತಿದ್ದೇನೆ.

ವಾರದ ಮುಂಚೆಯೇ ಕಾರ್ಯಕ್ರಮಗಳ ಪಟ್ಟಿ ತಿರುವಿ ಹಾಕಿ ಗುರುತು ಮಾಡಿಕೊಂಡಿದ್ದೆ. ಒಟ್ಟು 23 ಆಯ್ತು. ಅದಕ್ಕೊಂದು ವೇಳಾಪಟ್ಟಿ ಬೇರೆ. ಏಳಕ್ಕೆ ದೊಡ್ಡ ಕಟ್ಟಡದ ಮೇಲೆ ಬೆಳಕಿನ ಆಟ, ಏಳೂವರೆಗೆ ಅದರ ಹಿಂದಿನ ಗ್ಯಾಲರಿ, ಎಂಟಕ್ಕೆ ಚೌಕದಲ್ಲಿ ನೃತ್ಯ, ಎಂಟು ಇಪ್ಪತ್ತಕ್ಕೆ ಇನ್ನೊಂದು. ರೈಲ್ವೆಯವರು ನೋಡಿದ್ದರೆ ಕೆಲಸ ಕೊಡುತ್ತಿದ್ದರು.

ಮೊದಲನೆಯದಕ್ಕೇ 50 ನಿಮಿಷ ಸರತಿಯಲ್ಲಿ ನಿಂತೆ. ಅಲ್ಲಿಗೆ ಪಟ್ಟಿಯ ಕಥೆ ಮುಗಿಯಿತು. ಆಮೇಲೆ ಬರೀ ಓಟ. ನೃತ್ಯ ನಡೆಯುತ್ತಿದ್ದಾಗ ನಾನು ಗಡಿಯಾರ ನೋಡುತ್ತಿದ್ದೆ. ಗ್ಯಾಲರಿಯಲ್ಲಿ ಚಿತ್ರ ನೋಡಿದ್ದಕ್ಕಿಂತ ಪಕ್ಕದ ಚೀಟಿ ಓದಿದ್ದೇ ಜಾಸ್ತಿ. ಹಬ್ಬದ ನಕ್ಷೆ ಇದ್ದ ಆ್ಯಪ್ ಒಂಬತ್ತರ ಹೊತ್ತಿಗೆ ನೆಟ್‌ವರ್ಕ್ ಸಿಗದೆ ಸುಮ್ನೆ ಸುತ್ತುತ್ತಾ ಕೂತಿತು. ಕೊನೆಗೆ ಲೆಕ್ಕ ಹಾಕಿದರೆ ನೋಡಿದ್ದು 11. ಅದರಲ್ಲಿ ಐದರ ಹೆಸರು ಈಗಲೇ ಮರೆತುಹೋಗಿದೆ.

ಒಂದೂಕಾಲಿಗೆ ಸಾಕಪ್ಪಾ ಅಂತ ವಾಪಸ್ ಹೊರಟವನು ಒಂದು ತಿರುವು ತಪ್ಪಿದೆ. ಹಳೆಯ ಗೋದಾಮು. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಒಂದೇ ಬಲ್ಬು. ಒಬ್ಬ ಕಲಾವಿದೆ ನೆಲದ ಮೇಲೆ ದೊಡ್ಡ ಕಾಗದ ಹಾಸಿ, ಮಂಡಿಯೂರಿ ಇದ್ದಿಲು ಉಜ್ಜುತ್ತಿದ್ದರು. ಉಜ್ಜಿದ ಹಾಗೆಲ್ಲ ನೆಲದ ಗೆರೆಗಳು ಕಾಗದದ ಮೇಲೆ ಮೂಡುತ್ತಿದ್ದವು. ಗಾಡಿ ಎಳೆದ ಗುರುತು, ಮೊಳೆ ಕಿತ್ತ ತೂತು, ಒಡೆದ ಕಲ್ಲಿನ ಅಂಚು. ಆರು ಜನ ಇದ್ದೆವು, ಯಾರೂ ಮಾತಾಡಲಿಲ್ಲ. ಅವರು ನನ್ನ ಕೈಗೂ ಒಂದು ತುಂಡು ಇದ್ದಿಲು ಕೊಟ್ಟು ಖಾಲಿ ಮೂಲೆ ತೋರಿಸಿದರು. ಅಲ್ಲಿ 40 ನಿಮಿಷ ಕೂತಿದ್ದೆ ಅಂತ ಗೊತ್ತಾಗಿದ್ದು ಹೊರಗೆ ಬಂದ ಮೇಲೆ.

ಬೆಳಿಗ್ಗೆ ಎದ್ದು ನೋಡಿದರೆ ಅದೂ ಪಟ್ಟಿಯಲ್ಲಿ ಇತ್ತು! 14ನೇ ಪುಟದ ತಳದಲ್ಲಿ ಒಂದೇ ಸಾಲು: "ನೆಲ, ಇದ್ದಿಲು, ಕಾಗದ. ರಾತ್ರಿಯಿಡೀ." ನಾನೇ ಅದನ್ನು ದಾಟಿ ಹೋಗಿದ್ದೆ.

ಇನ್ನೂ ಎರಡು ರಾತ್ರಿ ಇದೆ. ಇಂಥ ಹಬ್ಬವನ್ನು ನೀವೆಲ್ಲ ಹೇಗೆ ಸುತ್ತುತ್ತೀರಿ, ಸ್ವಲ್ಪ ಹೇಳಿ.

ಬರೀಪ್ರಶ್ನೆ · ಶನಿವಾರ 10:41

23 ಅಂತ ಓದಿಯೇ ನನಗೆ ಕಾಲು ನೋವು ಬಂತು ಗುರು.

ನನ್ನದೊಂದು ದಡ್ಡ ಪ್ರಶ್ನೆ. ಇದನ್ನೆಲ್ಲ ರಾತ್ರಿಯೇ ಯಾಕೆ ಮಾಡಬೇಕು? ಬೆಳಕಿನ ಆಟ ಬಿಡಿ, ಅದಕ್ಕೆ ಕತ್ತಲೆ ಬೇಕು. ಚಿತ್ರ, ಶಿಲ್ಪ, ಕವಿತೆ ಓದು, ಇವಕ್ಕೆಲ್ಲ ನಿದ್ದೆಗೆಡುವ ಅಗತ್ಯ ಏನು?

ಹಳೇಛತ್ರಿ · ಶನಿವಾರ 11:15

ದಡ್ಡ ಪ್ರಶ್ನೆ ಅಲ್ಲ. ಇದಕ್ಕೊಂದು ಇತಿಹಾಸವೇ ಇದೆ. ನನಗೆ ಈ ವಿಷಯದ ಹುಚ್ಚು ಇರೋದರಿಂದ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ 1989ರಲ್ಲಿ 'ಕಲೆಗಳ ರಾತ್ರಿ' ಶುರುವಾಯಿತು. ಮರುವರ್ಷ, 1990ರಲ್ಲಿ, ಫ್ರಾನ್ಸಿನ ನಾಂತ್ ನಗರದಲ್ಲಿ ಝಾನ್ ಬ್ಲೇಝ್ ಎಂಬುವರು ಒಂದು ವಿಚಿತ್ರ ಹಬ್ಬ ಶುರು ಮಾಡಿದರು. ಸತತ ಆರು ರಾತ್ರಿ, ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ. ಪ್ರತಿ ವರ್ಷ ಬೇರೆ ದೇಶದ ಒಂದು ನಗರದ ಕಲಾವಿದರು ಅತಿಥಿಗಳು. ಮೊದಲ ವರ್ಷ ಬಾರ್ಸಿಲೋನಾ. ಹಡಗು ಕಟ್ಟುವ ಕಾರ್ಖಾನೆ ಮುಚ್ಚಿ ಮಂಕಾಗಿದ್ದ ಊರದು. ಪಾಳುಬಿದ್ದ ಕಾರ್ಖಾನೆ, ಗೋದಾಮುಗಳ ಬಾಗಿಲು ತೆಗೆದು ಜನರನ್ನು ಒಳಗೆ ಬಿಟ್ಟರು. ಹಗಲಲ್ಲಿ ಯಾರೂ ತಿರುಗಿ ನೋಡದ ಜಾಗಗಳು.

ಅದೇ ಬ್ಲೇಝ್ ಅವರನ್ನು ಪ್ಯಾರಿಸ್ ಕರೆಸಿಕೊಂಡಿತು. 2002ರ ಅಕ್ಟೋಬರ್ 5ರ ರಾತ್ರಿ ಮೊದಲ 'ನ್ವಿ ಬ್ಲಾಂಶ್' ನಡೆಯಿತು. ಪದಕ್ಕೆ ಪದ ಇಟ್ಟರೆ 'ಬಿಳಿ ರಾತ್ರಿ'. ಆದರೆ ಫ್ರೆಂಚರ ಬಾಯಲ್ಲಿ ಅದಕ್ಕೆ ನಿದ್ದೆಯಿಲ್ಲದ ರಾತ್ರಿ ಅಂತ ಅರ್ಥ. ಆ ರಾತ್ರಿ ನಗರಸಭೆಯ ಕಟ್ಟಡವನ್ನೂ ಜನರಿಗೆ ತೆರೆದಿಟ್ಟಿದ್ದರು. ಅಲ್ಲೇ ಮೇಯರ್ ಬೆರ್ತ್ರಾಂ ದೆಲನೊಯೆ ಅವರಿಗೆ ಒಬ್ಬ ಚೂರಿ ಹಾಕಿದ. ಹಬ್ಬ ನಿಲ್ಲಿಸಬೇಡಿ ಅಂತ ಹೇಳಿ ಅವರು ಆಸ್ಪತ್ರೆಗೆ ಹೋದರು. ಬದುಕಿಕೊಂಡರು. ಹಬ್ಬವೂ ಬದುಕಿಕೊಂಡಿತು. ಆಮೇಲೆ ಟೊರೊಂಟೊ 2006ರಲ್ಲಿ, ಮೆಲ್ಬರ್ನ್ 2013ರಲ್ಲಿ ತಮ್ಮದೇ ರಾತ್ರಿಗಳನ್ನು ಶುರುಮಾಡಿದವು.

ರಾತ್ರಿ ಯಾಕೆ ಅಂದರೆ, ನನಗನ್ನಿಸುವುದು ಇಷ್ಟು. ಹಗಲಲ್ಲಿ ಕಚೇರಿ ಕಚೇರಿಯೇ, ಗೋದಾಮು ಗೋದಾಮೇ. ಕೆಲಸದವರು ಮನೆಗೆ ಹೋದ ಮೇಲೆ ಅವು ಖಾಲಿ. ಖಾಲಿ ಜಾಗ ಸುಲಭವಾಗಿ ಸಿಗುತ್ತದೆ. ನೋಡುವವನೂ ಖಾಲಿ, ಬೇರೆ ಕೆಲಸ ಇಲ್ಲ. ಇರುಳುಗಾಲು ಅವರಿಗೆ ಸಿಕ್ಕಿದ ಗೋದಾಮು ಆ ನಾಂತ್‌ನ ವಂಶದ್ದೇ.

ತೆರೆಮರೆ · ಶನಿವಾರ 12:02

ನಾನು ಆ ದೊಡ್ಡ ಬೆಳಕಿನ ಪಕ್ಷದವನು, ಯಾರೂ ಬೈಯಬೇಡಿ. ಹತ್ತು ವರ್ಷದಿಂದ ಪ್ರೊಜೆಕ್ಷನ್ ಮ್ಯಾಪಿಂಗ್ ಕೆಲಸ, ಅಂದರೆ ಕಟ್ಟಡದ ಆಕಾರಕ್ಕೆ ಹೊಂದುವ ಹಾಗೆ ಅದರ ಮೇಲೆ ಬೆಳಕಿನ ಚಿತ್ರ ಬಿಡುವುದು. ಈ ಹಬ್ಬದಲ್ಲಿಲ್ಲ, ಬೇರೆ ಕಡೆ. ಇರುಳುಗಾಲು ಏಳಕ್ಕೇ ಹೋಗಿ ನಿಂತದ್ದು ಓದಿ ಹೊಟ್ಟೆ ಉರಿಯಿತು. ಯಾರೂ ಹೇಳಿಕೊಡಲ್ಲ ನೋಡಿ.

ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡೋಕೆ ಬರಲ್ಲ. ಬೆಳಕು ಮಾತ್ರ ಬಿಡುತ್ತದೆ. ಗೋಡೆಯ ಮೇಲೆ ನಿಮಗೆ ಕಾಣುವ ಕಪ್ಪು ಅಂದರೆ ಆ ಗೋಡೆಯ ಸ್ವಂತ ಕತ್ತಲೆ. ಆಕಾಶದಲ್ಲಿ ಇನ್ನೂ ಬೆಳಕಿದ್ದರೆ, ಅಥವಾ ಒಂದೇ ಒಂದು ಬೀದಿದೀಪ ಉರಿಯುತ್ತಿದ್ದರೆ, ಆ ಕಪ್ಪೆಲ್ಲ ಬೂದಿ ಬಣ್ಣ. ಒಂದು ದೀಪ ಆರಿಸಲು ನಾವು ಎಷ್ಟು ಪತ್ರ ಬರೆಯುತ್ತೇವೆ ಅಂತ ಕೇಳಬೇಡಿ. ಹಾಗಾಗಿ ದಿನದ ಮೊದಲ ಆಟ ಹೆಚ್ಚಾಗಿ ಸಪ್ಪೆ.

ಇನ್ನೊಂದು ಗುಟ್ಟು. ಇದು ಸಿನಿಮಾ ತರ ಒಂದು ಸಲ ನಡೆದು ಮುಗಿಯುವಂಥದ್ದಲ್ಲ. ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸಿನ ತುಣುಕು, ರಾತ್ರಿಯೆಲ್ಲ ತಿರುಗಿ ತಿರುಗಿ ಬರುತ್ತಿರುತ್ತದೆ. ಏಳಕ್ಕೆ ನೋಡಿದ್ದೇ ಹನ್ನೊಂದೂವರೆಗೂ ಇರುತ್ತದೆ. ಆ ಹೊತ್ತಿಗೆ ಕತ್ತಲೆ ಜಾಸ್ತಿ, ಜನ ಕಡಿಮೆ.

ಎಲ್ಲಿ ನಿಲ್ಲಬೇಕು? ಪ್ರೊಜೆಕ್ಟರ್ ಇಟ್ಟಿರುವ ಗೋಪುರ ಹುಡುಕಿ, ಅದರ ಹತ್ತಿರ ನಿಲ್ಲಿ. ಕಟ್ಟಡವನ್ನು ಮೊದಲು ಲೇಸರ್‌ನಿಂದ ಅಳೆದು ಕಂಪ್ಯೂಟರ್‌ನಲ್ಲಿ ಅದರ ಪಡಿಯಚ್ಚು ಮಾಡುತ್ತೇವೆ. ಕಂಬ ಮುರಿದು ಬಿದ್ದ ಹಾಗೆ, ಗೋಡೆ ಒಳಗೆ ಕುಸಿದ ಹಾಗೆ ಕಾಣಿಸುವ ಆಟಗಳೆಲ್ಲ ಒಂದು ಜಾಗದ ಕಣ್ಣಿಗೆ ಲೆಕ್ಕ ಹಾಕಿದ್ದು. ಬದಿಯಿಂದ ನೋಡಿದರೆ ಅದೇ ಕಂಬ ಸೊಟ್ಟಗೆ, ಬಟ್ಟೆ ಅಂಗಡಿಯ ಪರದೆ ತರ ಕಾಣುತ್ತದೆ. ಜನ ಮಾತ್ರ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಲ್ಲುತ್ತಾರೆ.

ತೀರಾ ಹಿಂದೆಯೂ ಹೋಗಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ವೇದಿಕೆಯ ಸ್ಪೀಕರ್‌ನಿಂದ ನೂರು ಮೀಟರ್ ದೂರದಲ್ಲಿದ್ದರೆ ಸದ್ದು ಸೆಕೆಂಡಿನ ಮೂರನೇ ಒಂದು ಭಾಗ ತಡ. ಗೋಡೆ ಒಡೆದದ್ದು ಕಂಡ ಮೇಲೆ ಢಮ್ ಅನ್ನುತ್ತದೆ. ದುಡ್ಡಿರುವ ಹಬ್ಬಗಳಲ್ಲಿ ನಡುವೆ ಬೇರೆ ಸ್ಪೀಕರ್ ಇಟ್ಟು ಸರಿಮಾಡುತ್ತಾರೆ.

ಮೂರನೇಸಾಲು · ಶನಿವಾರ 12:30

ತೆರೆಮರೆ ಸರ್, ಬೈಯಲ್ಲ. ಆದರೆ ಒಂದು ದೂರು ಇದೆ.

ನಾನು ರಂಗಭೂಮಿಯವಳು. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಹಬ್ಬದಲ್ಲಿ ನಮ್ಮ ತಂಡಕ್ಕೆ ಒಂದು ಅಂಗಳ ಕೊಟ್ಟಿದ್ದರು. ಮೈಕ್ ಇಲ್ಲ, ಇಬ್ಬರೇ ನಟರು, 25 ನಿಮಿಷದ ನಾಟಕ. ಪಕ್ಕದ ಬೀದಿಯಲ್ಲಿ ನಿಮ್ಮಂಥವರ ದೊಡ್ಡ ಆಟ. ಪ್ರತಿ ಹತ್ತು ನಿಮಿಷಕ್ಕೆ ಒಂದು ಢಮ್. ನಾಟಕದಲ್ಲಿ ಒಂದು ಸಾವಿನ ಸುದ್ದಿ ಬರುತ್ತದೆ, ಆಮೇಲೆ ದೀರ್ಘ ಮೌನ ಇರಬೇಕು. ಆ ಮೌನಕ್ಕೆ ಸರಿಯಾಗಿ ಅಲ್ಲಿ ಗೋಡೆ ಒಡೆಯುತ್ತಿತ್ತು. ಎರಡನೇ ರಾತ್ರಿ ನಾವೇ ಸೋತು ನಾಟಕದ ಶುರುವನ್ನು ನಾಲ್ಕು ನಿಮಿಷ ಮುಂದೆ ಹಾಕಿದೆವು. ಸಾವು ಆಗ ಎರಡು ಢಮ್‌ಗಳ ನಡುವೆ ಬಂತು.

ಅದಕ್ಕಿಂತ ನೋವಾಗಿದ್ದು ಜನ ಎದ್ದು ಹೋಗುವುದು. ಮೂರು ನಿಮಿಷ ನೋಡ್ತಾರೆ, ಒಂದು ಫೋಟೊ, ಹೊರಡ್ತಾರೆ. ಪ್ರವೇಶ ಉಚಿತ ಅಂದರೆ ನಿರ್ಗಮನವೂ ಉಚಿತ ಅಂತ ಆಗ ಗೊತ್ತಾಯ್ತು. ಇರುಳುಗಾಲು, ನೀವು ಗಡಿಯಾರ ನೋಡುತ್ತಿದ್ದ ಆ ನೃತ್ಯದವರಿಗೆ ನೀವು ಕಾಣಿಸುತ್ತಿದ್ದಿರಿ. ನಿಜವಾಗಿ ಕಾಣಿಸುತ್ತೆ.

ಇರುಳುಗಾಲು · ಶನಿವಾರ 12:44

ಅಯ್ಯೋ. ಇದನ್ನು ಯೋಚಿಸಿಯೇ ಇರಲಿಲ್ಲ ಮೇಡಂ. ಎರಡನೇ ಸಾಲಿನಲ್ಲೇ ನಿಂತಿದ್ದೆ.

ಬರೀಪ್ರಶ್ನೆ · ಶನಿವಾರ 12:58

ನಾನು ಎದ್ದು ಹೋಗುವವರ ಪರ. ಸಭಾಂಗಣದಲ್ಲಿ ಟಿಕೆಟ್ ಕೊಂಡು ನಡುಸಾಲಿನಲ್ಲಿ ಸಿಕ್ಕಿಬಿದ್ದರೆ ಕೊನೆವರೆಗೂ ಕೂರಲೇಬೇಕು. ಬೀದಿಯಲ್ಲಿ ಆ ಬಂಧನ ಇಲ್ಲ. ಜೀವನದಲ್ಲಿ ಒಂದು ಸಲವೂ ನೃತ್ಯ ನೋಡದವನು ಮೂರು ನಿಮಿಷ ನಿಂತು ನೋಡಿದ. ಅದು ಸೋಲಾ?

ಮೂರನೇಸಾಲು · ಶನಿವಾರ 13:05

ಮೂರು ನಿಮಿಷ ನೋಡಿ ಹೋದವನ ಬಗ್ಗೆ ಬೇಜಾರಿಲ್ಲ. ಮೂರು ನಿಮಿಷವೂ ಫೋನಿನ ಒಳಗಿಂದ ನೋಡಿದವನ ಬಗ್ಗೆ ಇದೆ. ಹೋಗುವುದಿದ್ದರೆ ದೃಶ್ಯ ಮುಗಿದಾಗ, ಬದಿಯಿಂದ ಹೋಗಿ. ಅಷ್ಟು ಸಾಕು.

ಹಳೇಛತ್ರಿ · ಶನಿವಾರ 13:20

ಚಿಕ್ಕವರು ದೊಡ್ಡವರ ಜಗಳ ಹಳೆಯದು. 1947ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಎಂಟು ನಾಟಕ ತಂಡಗಳು ಕರೆಯದೇ ಬಂದವು. ಸಿಕ್ಕಿದ ಜಾಗದಲ್ಲಿ ನಾಟಕ ಆಡಿದವು. ಮರುವರ್ಷ ಒಬ್ಬ ಪತ್ರಕರ್ತರು ಅದನ್ನು ಉತ್ಸವದ 'ಅಂಚು' ಅಂತ ಬರೆದರು. ಅದೇ ಹೆಸರು ನಿಂತಿತು, ಫ್ರಿಂಜ್. ಈಗ ಆ ಅಂಚು ಮೂಲ ಉತ್ಸವಕ್ಕಿಂತ ಎಷ್ಟೋ ಪಾಲು ದೊಡ್ಡದು.

ಬೆಳಕಿನ ಹಬ್ಬವೂ ಮೊದಲು ದೊಡ್ಡದಾಗಿ ಇರಲಿಲ್ಲ ಬಿಡಿ. ಫ್ರಾನ್ಸಿನ ಲಿಯೋನ್‌ನಲ್ಲಿ 1852ರ ಡಿಸೆಂಬರ್ 8ರಂದು ಬೆಟ್ಟದ ಮೇಲೆ ಮೇರಿ ಮಾತೆಯ ಪ್ರತಿಮೆ ಅನಾವರಣ ಇತ್ತು. ಬಿರುಗಾಳಿ ಬಂದು, ಸಂಜೆಯ ಬಾಣಬಿರುಸು ನಡೆಯುವುದೇ ಅನುಮಾನ ಆಯಿತು. ಮಳೆ ನಿಂತ ಮೇಲೆ ಜನ ತಾವಾಗಿಯೇ ಕಿಟಕಿಗಳಲ್ಲಿ ಮೇಣದಬತ್ತಿ ಹಚ್ಚಿಟ್ಟು ಬೀದಿಗಿಳಿದರು. ಇವತ್ತಿನ ಲಿಯೋನ್ ಬೆಳಕಿನ ಹಬ್ಬಕ್ಕೆ ಅದೇ ಮೂಲ. ಅಲ್ಲಿ ಈಗಲೂ ದೊಡ್ಡ ಪ್ರೊಜೆಕ್ಟರ್‌ಗಳ ನಡುವೆ ಮನೆಗಳ ಕಿಟಕಿಯಲ್ಲಿ ಗಾಜಿನ ಲೋಟದ ದೀಪ ಇಡುತ್ತಾರೆ.

ಕಿತ್ತಳೆಕೋಟು · ಶನಿವಾರ 14:10

ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕ ನಾನು. ಆರು ಹಬ್ಬ ಆಗಿದೆ. ಜನ ನಮ್ಮನ್ನು ಕೇಳುವುದು ಎರಡೇ ಪ್ರಶ್ನೆ: ಶೌಚಾಲಯ ಎಲ್ಲಿ, ಇನ್ನೆಷ್ಟು ಹೊತ್ತು.

ಎರಡನೆಯದಕ್ಕೆ ಉತ್ತರ ನೀವೇ ಕಂಡುಹಿಡಿಯಬಹುದು. ಸರತಿ ಎಷ್ಟು ಉದ್ದ ಅಂತ ನೋಡಬೇಡಿ. ಬಾಗಿಲ ಹತ್ತಿರ ಐದು ನಿಮಿಷ ನಿಂತು ಎಷ್ಟು ಜನ ಒಳಗೆ ಹೋದರು ಅಂತ ಎಣಿಸಿ. ಐದು ನಿಮಿಷಕ್ಕೆ 20 ಜನ ಹೋದರೆ, ನಿಮ್ಮ ಮುಂದೆ 200 ಜನ ಇದ್ದರೆ, 50 ನಿಮಿಷ. ಅಷ್ಟೇ ಲೆಕ್ಕ. ಒಳಗೆ ಎಷ್ಟು ಜನ ಇರಬಹುದು ಅನ್ನುವುದು ಕೋಣೆಯ ಅಳತೆಯ ಜೊತೆಗೆ ಹೊರಗೆ ಹೋಗುವ ಬಾಗಿಲುಗಳ ಮೇಲೂ ನಿಂತಿರುತ್ತದೆ. ಬೆಂಕಿ ಬಿದ್ದರೆ ಎಲ್ಲರೂ ಹೊರಗೆ ಬರಬೇಕಲ್ಲ. ಅದಕ್ಕೇ ಒಳಗೆ ಜಾಗ ಖಾಲಿ ಕಾಣುತ್ತಿದ್ದರೂ ನಾವು ತಡೆಯುತ್ತೇವೆ. ಕೈಯಲ್ಲಿ ಕ್ಲಿಕ್ ಮಾಡುವ ಎಣಿಕೆ ಯಂತ್ರ ಇರುತ್ತದೆ, ಒಬ್ಬರು ಹೊರಗೆ ಬಂದರೆ ಒಬ್ಬರು ಒಳಗೆ. ಅದಕ್ಕೂ ನಮ್ಮ ಸೊಕ್ಕಿಗೂ ಸಂಬಂಧ ಇಲ್ಲ.

ನಾನು ನೋಡಿದ ಹಾಗೆ ಎಂಟರಿಂದ ಹತ್ತೂವರೆವರೆಗೆ ಎಲ್ಲ ಕಡೆ ಕಿಕ್ಕಿರಿದಿರುತ್ತದೆ. ಹನ್ನೊಂದಕ್ಕೆ ಮಕ್ಕಳಿರುವವರು ಮನೆಗೆ. ಹನ್ನೆರಡಕ್ಕೆ ಕೊನೆಯ ಬಸ್ಸು ಹಿಡಿಯುವವರು ಓಡುತ್ತಾರೆ. ಆಮೇಲೆ ಉಳಿಯುವುದು ನಿಜವಾದ ಹುಚ್ಚರು ಮತ್ತು ದಾರಿ ತಪ್ಪಿದವರು. ಇರುಳುಗಾಲು ಯಾವ ಗುಂಪು ಅಂತ ಗೊತ್ತಾಯ್ತಲ್ಲ.

ಒಂದು ಮಾತು ಮಾತ್ರ ತಮಾಷೆಗಲ್ಲ. ಒಂದು ಚದರ ಮೀಟರ್‌ನಲ್ಲಿ ಐದಕ್ಕಿಂತ ಹೆಚ್ಚು ಜನ ಆದರೆ ಅಪಾಯ ಶುರು. ಅಳೆಯೋದು ಹೇಗೆ ಅಂದರೆ, ಎಲ್ಲ ಕಡೆಯಿಂದ ಮೈಗೆ ಮೈ ತಾಗುತ್ತಿದ್ದರೆ, ಕೈ ಎತ್ತಿ ಮುಖ ಮುಟ್ಟಿಕೊಳ್ಳಲು ಕಷ್ಟ ಆಗುತ್ತಿದ್ದರೆ, ಆಟ ಎಷ್ಟೇ ಚೆನ್ನಾಗಿರಲಿ ಹೊರಡಿ. ಜನರ ಎದುರಿಗೆ ತಳ್ಳಬೇಡಿ, ಓರೆಯಾಗಿ ಅಂಚಿನ ಕಡೆ ಸರಿಯುತ್ತಾ ಹೋಗಿ.

ನಿಧಾನಗತಿ · ಶನಿವಾರ 15:25

ಗಾಲಿಕುರ್ಚಿಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗುವವಳು ನಾನು. ನಮಗೆ ಹನ್ನೆರಡರ ನಂತರದ ಸುಖ ಇಲ್ಲ. ಬಾಗಿಲು ತೆಗೆಯುವ ಮೊದಲ ಅರ್ಧ ಗಂಟೆಯೇ ನಮ್ಮ ಹಬ್ಬ.

ಯಾರಿಗಾದರೂ ಉಪಯೋಗಕ್ಕೆ ಬಂದರೆ ಬರಲಿ. ರಸ್ತೆ ಅಡ್ಡಕ್ಕೆ ವೈರ್ ಎಳೆದು ಅದರ ಮೇಲೆ ರಬ್ಬರ್ ದಿಮ್ಮಿ ಮುಚ್ಚಿರುತ್ತಾರಲ್ಲ, ಅದು ನಿಮ್ಮ ಕಣ್ಣಿಗೂ ಬೀಳಲ್ಲ. ನಮಗೆ ಅದೊಂದು ಸಣ್ಣ ಬೆಟ್ಟ. ಮುಂದಿನ ಚಿಕ್ಕ ಚಕ್ರ ತಾಗಿ ನಿಂತರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಂದಕ್ಕೆ ತಿರುಗಿಸಿ ದೊಡ್ಡ ಚಕ್ರ ಮೊದಲು ದಾಟಿಸಬೇಕು. ಇದನ್ನು ಕಲಿಯಲು ಒಂದು ಬೀಳುವಿಕೆ ಬೇಕಾಯಿತು. ಇನ್ನೊಂದು, ಹಗಲಲ್ಲಿ ಕೆಲಸ ಮಾಡುವ ಲಿಫ್ಟ್ ರಾತ್ರಿ ಬೀಗ ಹಾಕಿರಬಹುದು. ಒಂದು ಕಡೆ ಕೀಲಿ ಇರುವವರು ಮನೆಗೆ ಹೋಗಿಬಿಟ್ಟಿದ್ದರು. ಮೂರನೇ ಮಹಡಿಯ ಪ್ರದರ್ಶನ ನಾನು ಹೋಗಿ ನೋಡಿ ಬಂದು ಅಮ್ಮನಿಗೆ ಬಾಯಲ್ಲಿ ಹೇಳಿದೆ. "ನೀನು ಹೇಳಿದ್ದೇ ಚೆನ್ನಾಗಿತ್ತು ಬಿಡು" ಅಂದರು. ಅದು ನನ್ನ ಸಮಾಧಾನಕ್ಕೆ ಹೇಳಿದ್ದು.

ಈಗ ಮುಂಚೆಯೇ ಫೋನ್ ಮಾಡಿ ಮೂರು ವಿಷಯ ಕೇಳುತ್ತೇನೆ: ಮೆಟ್ಟಿಲು ಎಷ್ಟು, ಲಿಫ್ಟ್ ಕೀಲಿ ಯಾರ ಹತ್ತಿರ, ಕೂರಲು ಬೆಂಚು ಇದೆಯಾ. ಮೂರನೆಯದನ್ನು ಎಲ್ಲರೂ ಕೇಳಬಹುದು.

ಎರಡುಜಡೆ · ಶನಿವಾರ 16:00

ಮಕ್ಕಳ ಕಡೆಯಿಂದ ನಾನು ಸೇರಿಸುತ್ತೇನೆ. ಮಗಳಿಗೆ ಆರು ವರ್ಷ ಇದ್ದಾಗ ಬೇರೊಂದು ನಗರದ ಹಬ್ಬಕ್ಕೆ ಹೋಗಿದ್ದೆವು. ಅಲ್ಲಿ ಬ್ರಿಟನ್ನಿನ ಕಲಾವಿದ ಲ್ಯೂಕ್ ಜೆರಮ್ ಮಾಡಿದ ಚಂದ್ರ ತೂಗು ಹಾಕಿದ್ದರು. ಏಳು ಮೀಟರ್ ಅಗಲದ ಚೆಂಡು, ಒಳಗೆ ದೀಪ, ಮೇಲೆ ನಾಸಾದ ಚಿತ್ರಗಳಿಂದ ಮಾಡಿದ ಚಂದ್ರನ ಮೈ. ಅದರ ಒಂದು ಸೆಂಟಿಮೀಟರ್ ಅಂದರೆ ನಿಜವಾದ ಚಂದ್ರನ ಐದು ಕಿಲೋಮೀಟರ್.

ಎಲ್ಲರೂ ಒಂದೇ ಕಡೆ ನಿಂತು ಫೋಟೊ ತೆಗೆಯುತ್ತಿದ್ದರು. ಇವಳು ಮಾತ್ರ ಕೈ ಬಿಡಿಸಿಕೊಂಡು ಹಿಂದಕ್ಕೆ ಓಡಿದಳು. "ಅಮ್ಮಾ, ಈ ಕಡೆ ಬೇರೆ ಚಂದ್ರ ಇದೆ!" ಹೋಗಿ ನೋಡಿದರೆ ಹೌದು. ನಮಗೆ ಗೊತ್ತಿರುವ ಕಪ್ಪು ಕಲೆಗಳು ಅಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಬರೀ ಕುಳಿಗಳು. ಭೂಮಿಯಿಂದ ನಮಗೆ ಯಾವಾಗಲೂ ಚಂದ್ರನ ಒಂದೇ ಮುಖ ಕಾಣುವುದು ಅಂತ ಶಾಲೆಯಲ್ಲಿ ಓದಿದ್ದೆ. ಆ ಇನ್ನೊಂದು ಮುಖದ ಕೆಳಗೆ ನಿಂತದ್ದು ಅವತ್ತೇ.

ಅಂದಿನಿಂದ ನಾವು ಮಾಡುವುದು ಇಷ್ಟು. ಒಂದು ಅವಳ ಆಯ್ಕೆ, ಒಂದು ನನ್ನ ಆಯ್ಕೆ, ಒಂಬತ್ತೂವರೆಗೆ ಮನೆ. ನಡುವೆ ಏನು ಸಿಕ್ಕಿದರೂ ಅದು ಲಾಭ. ಕಿವಿಗೆ ಮುಚ್ಚುವ ಹೆಡ್‌ಫೋನ್ ಮರೆಯಬೇಡಿ, ಸ್ಪೀಕರ್‌ಗಳು ಮಕ್ಕಳ ತಲೆಯ ಎತ್ತರದಲ್ಲೇ ಇರುತ್ತವೆ.

ಮಿಣುಕುಹುಳ · ಶನಿವಾರ 16:35

ಫೋಟೊದವರಿಗೆ ಇಲ್ಲಿ ಬಹಳ ಏಟು ಬೀಳುತ್ತಿದೆ. ನಾನೂ ಫೋಟೊದವನೇ. ಒಪ್ಪುತ್ತೇನೆ, ತಪ್ಪು ನಮ್ಮದೇ.

ಫ್ಲ್ಯಾಶ್ ಕೆಲವೇ ಮೀಟರ್ ದೂರ ಹೋಗುತ್ತದೆ. ಕಟ್ಟಡಕ್ಕೆ ಅದು ತಲುಪಲ್ಲ, ಮುಂದಿನವರ ತಲೆ ಮಾತ್ರ ಬೆಳ್ಳಗಾಗುತ್ತದೆ. ಫೋನಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುತ್ತದೆ. ನಿಂತ ಕಟ್ಟಡಕ್ಕೆ ಚೆನ್ನ, ಕುಣಿಯುವವರು ದೆವ್ವ ಆಗುತ್ತಾರೆ. ಎಲ್‌ಇಡಿ ಪರದೆಯ ಮೇಲೆ ಕಪ್ಪು ಪಟ್ಟೆಗಳು ಬಂದರೆ ಶಟರ್ ನಿಧಾನ ಮಾಡಿ, ಆ ದೀಪಗಳು ಕಣ್ಣಿಗೆ ಗೊತ್ತಾಗದಷ್ಟು ಬೇಗ ಮಿನುಗುತ್ತಿರುತ್ತವೆ.

ಮುಖ್ಯವಾದದ್ದು ಬೇರೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಸಲ ಫೋನ್ ಪರದೆ ಬೆಳಗಿಸಿದರೆ ಅದರಲ್ಲಿ ಬಹಳಷ್ಟು ಹೋಯ್ತು, ಮತ್ತೆ ಕಾಯಬೇಕು. ಇರುಳುಗಾಲು, ನಿಮ್ಮ ನಕ್ಷೆ ಆಗಲೇ ಕೆಟ್ಟಿತ್ತು, ಹಾಗಾಗಿ ಫೋನ್ ಜೇಬಲ್ಲಿತ್ತು, ಕತ್ತಲ ಗಲ್ಲಿಯಲ್ಲಿ ಒಂದಷ್ಟು ಹೊತ್ತು ನಡೆದಿರಿ. ಒಂದು ಬಲ್ಬಿನ ಬೆಳಕಲ್ಲಿ ಮೊಳೆಯ ತೂತು ಕಾಣಿಸಿದ್ದು ಅದಕ್ಕೇ. ಎಂಟು ಗಂಟೆಗೆ ಒಂದು ಎಲ್‌ಇಡಿ ಪರದೆಯ ಮುಂದಿನಿಂದ ನೇರ ಅಲ್ಲಿಗೆ ಹೋಗಿದ್ದರೆ "ಏನೂ ಕಾಣಲ್ಲ" ಅಂತ ಹೊರಗೆ ಬರುತ್ತಿದ್ದಿರಿ.

ಬರೀಪ್ರಶ್ನೆ · ಶನಿವಾರ 16:50

ಆ್ಯಪ್ ಮಾಡಿದವರಿಗೆ ಒಂದು ಧನ್ಯವಾದ ಹಾಗಾದರೆ.

ತೆರೆಮರೆ · ಶನಿವಾರ 17:12

ಮಿಣುಕುಹುಳ ಹೇಳಿದ್ದಕ್ಕೆ ಸೇರಿಸಿ ಒಂದು. ಟೊರೊಂಟೊದ ಮೊದಲ ರಾತ್ರಿ, 2006ರಲ್ಲಿ, ಜಪಾನಿನ ಕಲಾವಿದೆ ಫುಜಿಕೊ ನಕಾಯಾ ಒಂದು ಕಾಲುದಾರಿಯಲ್ಲಿ ಮಂಜು ತುಂಬಿಸಿದ್ದರು. ನೀರನ್ನು ಸಣ್ಣ ನಳಿಕೆಗಳಿಂದ ಒತ್ತಡದಲ್ಲಿ ಚಿಮ್ಮಿಸಿ ಮಾಡಿದ ನಿಜವಾದ ಮಂಜು. ಅವರ ತಂದೆ ಪ್ರಯೋಗಾಲಯದಲ್ಲಿ ಮೊದಲ ಬಾರಿಗೆ ಹಿಮದ ಹರಳು ಬೆಳೆಸಿದ ವಿಜ್ಞಾನಿ, ಮಗಳು ಮಂಜನ್ನೇ ಶಿಲ್ಪ ಮಾಡಿದರು. ಮಂಜನ್ನು ನೀವು ಪಟ್ಟಿಯಲ್ಲಿ ಹೇಗೆ ಟಿಕ್ ಮಾಡುತ್ತೀರಿ? ಗಾಳಿ ಬೀಸಿದರೆ ಒಂದು, ನಿಂತರೆ ಇನ್ನೊಂದು. ನಮ್ಮ ಕೆಲಸದಲ್ಲಿ ಆ ಭಾಗ್ಯ ಇಲ್ಲ. ಏಳಕ್ಕೂ ಅದೇ ಗೋಡೆ, ಹನ್ನೊಂದೂವರೆಗೂ ಅದೇ ಗೋಡೆ.

ಇರುಳುಗಾಲು · ಭಾನುವಾರ ಬೆಳಿಗ್ಗೆ 11:05

ಎರಡನೇ ರಾತ್ರಿಯ ವರದಿ.

ನಿಮ್ಮ ಮಾತು ಕೇಳಿ ಎರಡೇ ಆರಿಸಿಕೊಂಡೆ. ಒಂದು ತೊಗಲುಗೊಂಬೆ ಆಟ, ಒಂದು ಬೆಳಕಿನ ಆಟ, ಅದೂ ಹನ್ನೊಂದೂವರೆಗೆ. ನಕ್ಷೆಯ ಚಿತ್ರ ತೆಗೆದಿಟ್ಟುಕೊಂಡೆ, ನೆಟ್‌ವರ್ಕ್ ಬೇಡವಾಯ್ತು. ಗೋಪುರದ ಪಕ್ಕ ನಿಂತೆ. ತೆರೆಮರೆ ಸರ್, ಮೊನ್ನೆ ಸೊಟ್ಟಗೆ ಕಂಡ ಬಾಗಿಲು ನಿನ್ನೆ ನಿಜವಾಗಿ ತೆರೆದುಕೊಂಡಿತು. ನನ್ನ ಪಕ್ಕದ ಅಜ್ಜ ಒಂದು ಹೆಜ್ಜೆ ಹಿಂದೆ ಸರಿದರು. ಮೂರು ಸಲ ನೋಡಿದೆ.

ತೊಗಲುಗೊಂಬೆ ಮಾತ್ರ ಗಾಳಿ ಜಾಸ್ತಿ ಅಂತ ರದ್ದಾಯಿತು. ಪರದೆ ಹಾಯಿಯ ಹಾಗೆ ಉಬ್ಬುತ್ತಿತ್ತು. ಆಡಿಸುವವರು ಗೊಂಬೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಡುತ್ತಿದ್ದರು. ಒಂದನ್ನು ದೀಪಕ್ಕೆ ಹಿಡಿದು ತೋರಿಸಿದರು. ತೊಗಲು ತೆಳ್ಳಗೆ ಹದ ಮಾಡಿದ್ದರಿಂದ ಬಣ್ಣ ಗಾಜಿನ ಹಾಗೆ ಹೊಳೆಯುತ್ತಿತ್ತು. ಆಟಕ್ಕಿಂತ ಇದೇ ಚೆನ್ನಾಗಿತ್ತು ಅಂತ ಸುಳ್ಳು ಹೇಳಲ್ಲ. ಆಟ ನೋಡಬೇಕಿತ್ತು.

ನೃತ್ಯದ ತಂಡದ ಹತ್ತಿರವೂ ಹೋದೆ ಮೂರನೇಸಾಲು ಮೇಡಂ. ಕೊನೆವರೆಗೂ ನಿಂತೆ. ಗಡಿಯಾರ ಮನೆಯಲ್ಲೇ ಬಿಟ್ಟಿದ್ದೆ.

ಮೂರನೇಸಾಲು · ಭಾನುವಾರ 11:30

🙏 ಇವತ್ತು ಗೋದಾಮಿಗೆ ಮತ್ತೆ ಹೋಗ್ತೀರಾ? ಎಲ್ಲಿ ಅಂತ ಸರಿಯಾಗಿ ಹೇಳಿ, ನಾನೂ ಬರಬೇಕು.

ಇರುಳುಗಾಲು · ಭಾನುವಾರ 11:42

ದೊಡ್ಡ ಕಟ್ಟಡದ ಹಿಂಬದಿ, ಗ್ಯಾಲರಿ ದಾಟಿ ಎಡಕ್ಕೆ ಮೂರನೇ ಗಲ್ಲಿ. ಹಬ್ಬದ ಬಾವುಟ ಇಲ್ಲ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು.

ಕಿತ್ತಳೆಕೋಟು · ಭಾನುವಾರ 11:50

ಇದನ್ನು ಇಲ್ಲಿ ಬರೆಯಬಾರದಿತ್ತೇನೋ.

ಇರುಳುಗಾಲು · ಸೋಮವಾರ ಬೆಳಿಗ್ಗೆ 9:15

ಕಿತ್ತಳೆಕೋಟು ಹೇಳಿದ್ದು ನಿಜವಾಯಿತು. ಹನ್ನೆರಡೂವರೆಗೆ ಹೋದೆ. ಗಲ್ಲಿಯಲ್ಲಿ ಸರತಿ! ಬಾಗಿಲ ಹತ್ತಿರ ಐದು ನಿಮಿಷ ನಿಂತು ಎಣಿಸಿದೆ, ನಾಲ್ಕು ಜನ ಒಳಗೆ ಹೋದರು. ಮುಂದೆ 32 ಜನ. 40 ನಿಮಿಷ.

ನನ್ನ ಸರದಿ ಬಂದಾಗ ಕಾಗದದಲ್ಲಿ ಬಿಳಿ ಜಾಗವೇ ಇರಲಿಲ್ಲ. ಒಂದರ ಮೇಲೊಂದು ಉಜ್ಜಿ ಉಜ್ಜಿ ಪೂರ್ತಿ ಕಪ್ಪು. ಕಲಾವಿದೆ ಗೋಡೆಗೆ ಒರಗಿ ಕೂತಿದ್ದರು, ಮೊಣಕೈವರೆಗೂ ಇದ್ದಿಲು. ನನ್ನ ಗುರುತು ಹಿಡಿದರು. "ಮೊದಲೆರಡು ದಿನ ಯಾರೂ ಇರಲಿಲ್ಲ, ಇವತ್ತೇನು ಇಷ್ಟು ಜನ?" ಅಂತ ಕೇಳಿದರು. ಗೊತ್ತಿಲ್ಲ ಅಂದುಬಿಟ್ಟೆ.

ಅವರು ಒಂದು ಹಳೆಯ ಬಟ್ಟೆ ಕೊಟ್ಟು, ಉಜ್ಜುವುದು ಸಾಕು, ಈಗ ಒರೆಸಿ ನೋಡಿ ಅಂದರು. ಕಪ್ಪಿನ ಮೇಲೆ ಬಟ್ಟೆ ಮೆಲ್ಲಗೆ ಎಳೆದರೆ, ನೆಲ ಉಬ್ಬಿದ ಕಡೆಯೆಲ್ಲ ಇದ್ದಿಲು ಎದ್ದು ಬಂದು ಬೆಳ್ಳಗಾಯಿತು, ಗಾಡಿಯ ಗೆರೆಗಳು ಈಗ ಕಪ್ಪಾಗಿ ಉಳಿದು ಕಾಣತೊಡಗಿದವು. ಹಿಂದೆ ನಿಂತವರೂ ಬಗ್ಗಿ ನೋಡಿದರು.

ಬರೀಪ್ರಶ್ನೆ · ಸೋಮವಾರ 9:22

ಆ ಸರತಿಯಲ್ಲಿ ಏಳನೆಯವನು ನಾನೇ. ನಿಮ್ಮನ್ನು ನೋಡಿದೆ. ಮುಖಕ್ಕೆಲ್ಲ ಇದ್ದಿಲು ಮೆತ್ತಿಕೊಂಡಿದ್ದಿರಿ, ಹೇಳೋಣ ಅಂದುಕೊಂಡೆ, ಆಮೇಲೆ ಬೇಡ ಅಂತ ಬಿಟ್ಟೆ.

ಇರುಳುಗಾಲು · ಸೋಮವಾರ 9:25

ವಾಪಸ್ ಬರುವಾಗ ದಾರಿಯಲ್ಲಿ ಎಲ್ಲರೂ ಯಾಕೆ ನನ್ನನ್ನೇ ನೋಡ್ತಿದ್ದರು ಅಂತ ಈಗ ಗೊತ್ತಾಯ್ತು.